ಗೋಡೆ ಮುಚ್ಚುವ ಮೊದಲು: ಒಂದು ವಿಡಿಯೋ ಗೇಮ್ ಕೋಣೆಯ ಕಾಮಗಾರಿ ದಿನಚರಿ

ಇಟ್ಟಿಗೆ ಗೋಡೆಗಳು ಎದ್ದು ನಿಂತಿವೆ, ಗಿಲಾವು ಆಗಿಲ್ಲ, ನೆಲಕ್ಕೆ ಟೈಲ್ಸ್ ಬಿದ್ದಿಲ್ಲ. ಹೊಸ ಮನೆಯ ಮಹಡಿಯಲ್ಲಿ ಒಂದು ಕೋಣೆ ವಿಡಿಯೋ ಗೇಮುಗಳಿಗೇ ಮೀಸಲು ಎಂದು ಒಪ್ಪಂದವಾಗಿದೆ. ಬದಲಿಗೆ, ನಡುಮನೆಯಲ್ಲಿ ಇನ್ನು ಮುಂದೆ ನನ್ನದೊಂದು ವೈರೂ ಕಾಣಿಸಬಾರದು. ಇಷ್ಟು ವರ್ಷ ಟಿವಿಯ ಹಿಂದೆ ಗಂಟುಕಟ್ಟಿಕೊಂಡು ಬಿದ್ದಿದ್ದ ಕೇಬಲ್ಲುಗಳನ್ನು ಕಂಡವರು ಇಂಥ ಷರತ್ತು ಹಾಕಿದ್ದರಲ್ಲಿ ತಪ್ಪೇನಿಲ್ಲ.

ಯಾವ ಟಿವಿ, ಎಷ್ಟು ಇಂಚು ಎಂದು ಕೇಳುವವರೇ ಎಲ್ಲ. ಟಿವಿ ಕೊನೆಗೆ ಬರುವ ಸಾಮಾನು. ಹಿಡಿಸದಿದ್ದರೆ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಗಿಲಾವಿನ ಹಿಂದೆ ಹೋದ ಪೈಪನ್ನು ಹಾಗೆ ಬದಲಿಸಲು ಬರುವುದಿಲ್ಲ. ಹಾಗಾಗಿ ಈ ದಿನಚರಿಯಲ್ಲಿ ಆಟಕ್ಕಿಂತ ಪೈಪು, ಪ್ಲಗ್ಗು, ಬಿಸಿಗಾಳಿಗಳ ಮಾತೇ ಹೆಚ್ಚು.

ಮೊದಲ ವಾರ: ಯಾವ ಕೋಣೆ

ಎರಡು ಕೋಣೆಗಳ ನಡುವೆ ಪೈಪೋಟಿ ಇತ್ತು. ಒಂದು 11 ಅಡಿಗೆ 11 ಅಡಿ, ಅಚ್ಚುಕಟ್ಟಾದ ಚೌಕ. ಇನ್ನೊಂದು 14 ಅಡಿಗೆ 11 ಅಡಿ, ಉದ್ದ ಗೋಡೆಯಲ್ಲಿ ಪಶ್ಚಿಮದ ಕಿಟಕಿ, ಹಿಂಬದಿಯ ಗೋಡೆಯ ಆಚೆ ಅಪ್ಪ ಮಲಗುವ ಕೋಣೆ. ಸಂಜೆಯ ಬಿಸಿಲು ನುಗ್ಗುವ, ಪಕ್ಕದಲ್ಲೇ ಎಚ್ಚರದ ನಿದ್ದೆಯವರಿರುವ ಕೋಣೆಯನ್ನು ಯಾರಾದರೂ ಆರಿಸುತ್ತಾರೆಯೇ ಎಂದು ಕೇಳಿದರು. ನಾನು ಆರಿಸಿದೆ. ಕಿಟಕಿಗೆ ಕರ್ಟನ್ ಹಾಕಬಹುದು, ಗೋಡೆಗೆ ಅಂಗಿ ತೊಡಿಸಬಹುದು; ಚೌಕವನ್ನು ಎಳೆದು ಉದ್ದ ಮಾಡಲಾಗದು.

ಚೌಕದ ಮೇಲೆ ನನಗೇಕೆ ಕೋಪವೆಂದರೆ, ಎದುರುಬದುರು ಗೋಡೆಗಳ ನಡುವೆ ಶಬ್ದ ಪುಟಿದಾಡುವಾಗ ಆ ಅಂತರಕ್ಕೆ ಹೊಂದುವ ತಗ್ಗು ಸ್ವರಗಳು ಊದಿಕೊಳ್ಳುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಗೋಡೆಗಳ ಅಂತರವನ್ನು ಇಮ್ಮಡಿ ಮಾಡಿ ಅದರಿಂದ 343ನ್ನು ಭಾಗಿಸಿದರೆ ಊದಿಕೊಳ್ಳುವ ಮೊದಲ ಸ್ವರ ಸಿಗುತ್ತದೆ. 11 ಅಡಿಗೆ, ಅಂದರೆ 3.35 ಮೀಟರಿಗೆ, ಅದು 51 ಹರ್ಟ್ಸ್. ಚೌಕದಲ್ಲಿ ಎರಡು ಜೋಡಿ ಗೋಡೆಗಳೂ ಅದೇ 51ನ್ನು ಹಿಡಿದು ಗುಂಯ್‌ಗುಡುತ್ತವೆ. ಆಟದಲ್ಲಿ ಒಂದು ಬಾಂಬ್ ಸಿಡಿದರೆ ಅದರ ಸದ್ದು ಅರ್ಧ ಸೆಕೆಂಡು ಹೆಚ್ಚಿಗೆ ಎಳೆದಾಡಿ ಪಕ್ಕದ ಹೆಜ್ಜೆಸದ್ದನ್ನು ನುಂಗಿಹಾಕುತ್ತದೆ. 14 ಅಡಿಯ ಕೋಣೆಯಲ್ಲಿ ಒಂದು ಜೋಡಿ 40ಕ್ಕೆ, ಇನ್ನೊಂದು 51ಕ್ಕೆ, ಹೊರೆ ಹಂಚಿಹೋಗುತ್ತದೆ.

ಟಿವಿಗೆ ಹೊರಬದಿಯ 11 ಅಡಿ ಗೋಡೆ. ಕಿಟಕಿ ಆಗ ಪಕ್ಕಕ್ಕೆ ಬರುತ್ತದೆ, ಪರದೆಯ ಎದುರಿಗಲ್ಲ.

ಅದೇ ವಾರ: ಎಣಿಕೆ

ಹಳೆಯ ಮನೆಯ ನೆಲದ ಮೇಲೆ ಇದ್ದಬದ್ದ ಯಂತ್ರಗಳನ್ನೆಲ್ಲ ಸಾಲಾಗಿ ಜೋಡಿಸಿದೆ. ನಿಂಟೆಂಡೊ ಕಂಪನಿಯ ಜಪಾನಿ ಗೇಮ್ ಯಂತ್ರವಾದ ಫ್ಯಾಮಿಕಾಂನ 1993ರ ಎವಿ ಮಾದರಿ, ಸೆಗಾ ಮೆಗಾ ಡ್ರೈವ್‌ನ ಎರಡು ಮಾದರಿಗಳು, ಪ್ಲೇಸ್ಟೇಷನ್ 2, 3, 5, ನಿಂಟೆಂಡೊ ವೀ, ನಿಂಟೆಂಡೊ ಸ್ವಿಚ್, ಮತ್ತೆ ಕಂಪ್ಯೂಟರ್. ಒಂಬತ್ತು. ಆದರೆ ಪ್ಲಗ್ಗುಗಳ ಲೆಕ್ಕ ಒಂಬತ್ತಕ್ಕೆ ನಿಲ್ಲಲಿಲ್ಲ: ಟಿವಿ, ಹಳೆಯ ಪಿಕ್ಚರ್ ಟ್ಯೂಬ್ ಟಿವಿ, ಮಾನಿಟರ್, ಆಂಪ್ಲಿಫೈಯರ್, ತಗ್ಗು ಸ್ವರಗಳ ಸ್ಪೀಕರಾದ ಸಬ್‌ವೂಫರ್, ನೆಟ್‌ವರ್ಕ್ ಸ್ವಿಚ್, ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಟಿವಿಗೆ ಒಯ್ಯುವ ಜೋಡಣೆ) ಸ್ವಿಚ್, ಕಂಟ್ರೋಲರುಗಳ ಚಾರ್ಜರ್. ಹದಿನೇಳು. ಕಟ್ಟಡದ ನಕ್ಷೆಯಲ್ಲಿ ಈ ಕೋಣೆಗೆ ಗುರುತಿಸಿದ್ದ ಸಾಕೆಟ್ ನಾಲ್ಕು.

ಎಣಿಸುವಾಗಲೇ ಅಡಾಪ್ಟರುಗಳಿಗೆಲ್ಲ ಚೀಟಿ ಅಂಟಿಸಿದೆ. ಇದು ಕೈ ಸುಟ್ಟುಕೊಂಡು ಕಲಿತ ಬುದ್ಧಿ. ಫ್ಯಾಮಿಕಾಂಗೆ ಬೇಕಾದದ್ದು ನೇರ ವಿದ್ಯುತ್, ಅಂದರೆ ಡಿಸಿ. ಅದರ ಪಶ್ಚಿಮದ ಅವತಾರವಾದ ಎನ್‌ಇಎಸ್ ಜೊತೆಗೆ ಬರುವ ಅಡಾಪ್ಟರ್ ಕೊಡುವುದು 9 ವೋಲ್ಟಿನ ಪರ್ಯಾಯ ವಿದ್ಯುತ್, ಅಂದರೆ ಎಸಿ. ಪ್ಲಗ್ಗಿನ ತುದಿ ಮಾತ್ರ ಏನೂ ಗೊತ್ತಿಲ್ಲದ ಹಾಗೆ ಎರಡಕ್ಕೂ ಹೊಕ್ಕುತ್ತದೆ. ಎನ್‌ಇಎಸ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡುಗಳಿವೆ, ಫ್ಯಾಮಿಕಾಂ ಒಳಗೆ ಇಲ್ಲ. ನನ್ನ ಮೊದಲ ಫ್ಯಾಮಿಕಾಂ ಸತ್ತದ್ದು ಹೀಗೆ. ಮೆಗಾ ಡ್ರೈವ್‌ನಲ್ಲಿ ಇನ್ನೊಂದು ಬಗೆಯ ಚೇಷ್ಟೆ: ಮೊದಲ ಮಾದರಿಯ ಪ್ಲಗ್ಗಿನಲ್ಲಿ ಒಳತುದಿ ಋಣ, ಎರಡನೆಯ ಮಾದರಿಯಲ್ಲಿ ಒಳತುದಿ ಧನ. ಅಲ್ಲಿ ತುದಿಯ ಅಳತೆಯೂ ಬೇರೆ ಇರುವುದರಿಂದ ಅನಾಹುತ ತಪ್ಪುತ್ತದೆ, ಯಾರಾದರೂ ಜಾಣರು ನಡುವೆ ಒಂದು ಪರಿವರ್ತಕ ತುದಿ ಸಿಕ್ಕಿಸದಿದ್ದರೆ.

ಎರಡನೆಯ ವಾರ: ಸೀಮೆಸುಣ್ಣ

ನಕ್ಷೆಯ ಮೇಲೆ ಸೋಫಾ ಎಲ್ಲಿಟ್ಟರೂ ಚೆಂದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅದರೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಾಗ ಮಾತ್ರ ನಿಜ ಗೊತ್ತಾಗುತ್ತದೆ. ಗೋಡೆಗೆ ಹಳೆಯ ಪತ್ರಿಕೆಗಳನ್ನು 144 ಸೆಂಟಿಮೀಟರ್ ಅಗಲ, 81 ಸೆಂಟಿಮೀಟರ್ ಎತ್ತರಕ್ಕೆ ಅಂಟಿಸಿದೆ. 65 ಇಂಚಿನ ಪರದೆ ಅಂದರೆ ಇಷ್ಟೇ ಜಾಗ.

ಎಷ್ಟು ದೂರ ಕೂರಬೇಕು? ಸಿನಿಮಾ ನೋಡುವವರ ಲೆಕ್ಕದಲ್ಲಿ ಪರದೆ ಕಣ್ಣಿಗೆ 30ರಿಂದ 40 ಡಿಗ್ರಿ ಅಗಲ ತುಂಬಬೇಕು. 65 ಇಂಚಿಗೆ 30 ಡಿಗ್ರಿ ಸಿಗುವುದು 2.7 ಮೀಟರ್ ದೂರದಲ್ಲಿ, 40 ಡಿಗ್ರಿ 2 ಮೀಟರಿನಲ್ಲಿ. ನಾನು ಮೊದಲು 2.7ಕ್ಕೆ ಗೆರೆ ಎಳೆದು ನಿಶ್ಚಿಂತನಾಗಿದ್ದೆ. ಮಗಳು ಬಂದು ಪತ್ರಿಕೆಯ ನಡುವೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಹೊಡೆದು, "ನಾಲ್ಕು ಜನ ಆಡುವಾಗ?" ಎಂದಳು. ಪರದೆ ನಾಲ್ಕಾಗಿ ಹೋಳಾದರೆ ಒಬ್ಬೊಬ್ಬರ ಪಾಲಿಗೆ ಬರುವುದು 32 ಇಂಚಿನ ಟಿವಿ. ಅದನ್ನು 2.7 ಮೀಟರ್ ದೂರದಿಂದ ನೋಡುತ್ತಾ ಕಾರು ಓಡಿಸಿ ಎಂದರೆ ಅತಿಥಿಗಳು ಕಣ್ಣು ಕಿರಿದು ಮಾಡಿಕೊಂಡು ಮುಂದಕ್ಕೆ ಬಾಗಿ ಕೊನೆಗೆ ನೆಲದ ಮೇಲೆ ಬಂದು ಕೂರುತ್ತಾರೆ. ಹಳೆಯ ಮನೆಯಲ್ಲಿ ಆಗುತ್ತಿದ್ದದ್ದೂ ಅದೇ ಎಂದು ಆಗ ಹೊಳೆಯಿತು. ಗೆರೆ 2.2 ಮೀಟರಿಗೆ ಬಂತು.

ಸೋಫಾ ಹಿಂಗೋಡೆಗೆ ಅಂಟದೆ ಕೋಣೆಯ ನಡುವೆ ನಿಂತದ್ದರಿಂದ ಹಿಂದೆ ಇನ್ನೊಂದು ಜಾಗ ಹುಟ್ಟಿತು. ಹಿಂಗೋಡೆಗೆ ಮುಂದೆ ಬರಲಿರುವ ಹೊದಿಕೆಯನ್ನು ಕಳೆದರೂ ಸುಮಾರು 1.6 ಮೀಟರ್ ಆಳ ಉಳಿಯುತ್ತದೆ. ಆಟದ ಲೋಕವನ್ನೇ ಕಣ್ಣ ಸುತ್ತ ತೋರಿಸುವ ವಿಆರ್ ಕನ್ನಡಕ ಹಾಕಿಕೊಂಡು ಓಡಾಡಲು, ಅದನ್ನು ನಡೆಸುವ ಸ್ಟೀಮ್‌ವಿಆರ್ ತಂತ್ರಾಂಶ ಕೇಳುವ ಕನಿಷ್ಠ ಜಾಗ 2 ಮೀಟರಿಗೆ 1.5 ಮೀಟರ್. ಸಾಕು, ಆದರೆ ಕೂದಲೆಳೆಯಲ್ಲಿ ಸಾಕು. ಸೋಫಾಕ್ಕೆ ಬೀಗ ಹಾಕಬಲ್ಲ ಗಾಲಿ ಹಾಕಿಸುವುದೆಂದು ಬರೆದುಕೊಂಡೆ. ಬೇಕಾದಾಗ ಮುಂದಕ್ಕೆ ತಳ್ಳಿದರೆ 2 ಮೀಟರಿಗೆ 2 ಮೀಟರ್ ಆಗುತ್ತದೆ. ಕೈ ಬೀಸಿದರೆ ತಾಗುವ ಎತ್ತರದಲ್ಲಿ ದೀಪವಾಗಲಿ ಫ್ಯಾನಾಗಲಿ ಇರಬಾರದು ಎಂದೂ.

ಕೂತಾಗ ನನ್ನ ಕಣ್ಣಿನ ಎತ್ತರ ನೆಲದಿಂದ 104 ಸೆಂಟಿಮೀಟರ್. ಪರದೆಯ ನಡು ಅಲ್ಲಿಗೆ ಬರಬೇಕು, ಅಂದರೆ ಕೆಳಂಚು 64ಕ್ಕೆ. ಗೋಡೆ ಖಾಲಿ ಇದೆಯೆಂದು ಟಿವಿಯನ್ನು ದೇವರ ಪಟದ ಎತ್ತರಕ್ಕೆ ತೂಗುಹಾಕುವವರ ಕುತ್ತಿಗೆಯ ಬಗ್ಗೆ ನನಗೆ ಮರುಕವಿದೆ.

ಮೂರನೆಯ ವಾರ: ಪೈಪಿನ ಪ್ರಸಂಗ

ಮೊದಲ ಉಪಾಯ ಹೀಗಿತ್ತು: ಯಂತ್ರಗಳೆಲ್ಲ ಹಿಂದಿನ ಮೂಲೆಯ ಬೀರುವಿನಲ್ಲಿ, ಗೋಡೆಯೊಳಗಿನ ಪೈಪಿನಲ್ಲಿ ಕೇಬಲ್, ಎದುರಿಗೆ ಪರದೆ ಒಂದೇ. ಕಣ್ಣಿಗೆ ಹಬ್ಬ. ಟೇಪು ಹಿಡಿದು ನೋಡಿದಾಗ, ನೇರಕ್ಕೆ 4 ಮೀಟರ್ ಇದ್ದದ್ದು ಗೋಡೆಯ ಬುಡಕ್ಕೆ ಇಳಿದು, ಮೂಲೆ ಸುತ್ತಿ, ಮತ್ತೆ ಮೇಲಕ್ಕೆ ಹತ್ತುವಾಗ 9 ಮೀಟರ್ ಆಯಿತು. 4ಕೆ ಚಿತ್ರವನ್ನು ಸೆಕೆಂಡಿಗೆ 120 ಬಾರಿ ಕಳಿಸಲು ಎಚ್‌ಡಿಎಂಐ 2.1 ಬೇಕು, ಅದರ ಪೂರ್ತಿ ಶಕ್ತಿ ಸೆಕೆಂಡಿಗೆ 48 ಗಿಗಾಬಿಟ್. ಸಾಮಾನ್ಯ ತಾಮ್ರದ ಕೇಬಲ್ ಇಷ್ಟನ್ನು ನಂಬಿಕೆಯಿಂದ ಹೊರುವುದು ಮೂರು ಮೀಟರಿನ ಆಸುಪಾಸು, ಒಳ್ಳೆಯದಾದರೆ ಐದು. ಅದರಾಚೆಗೆ ಚಿತ್ರ ಮಿನುಗುತ್ತದೆ, ನಡುನಡುವೆ ಕಪ್ಪಾಗುತ್ತದೆ. ದೂರಕ್ಕೆ ಬೆಳಕಿನ ಎಳೆಯ ಎಚ್‌ಡಿಎಂಐ ಕೇಬಲ್ ಇದೆ. ಅದಕ್ಕೆ ದಿಕ್ಕಿದೆ: ಒಂದು ತುದಿ ಯಂತ್ರಕ್ಕೆ, ಒಂದು ಪರದೆಗೆ, ತಿರುಗುಮುರುಗಾದರೆ ಕೆಲಸ ಮಾಡುವುದಿಲ್ಲ. ಒಂಬತ್ತು ಯಂತ್ರಗಳ ಸಲುವಾಗಿ ಅಂಥದನ್ನು ಹೂಳುವ ಮನಸ್ಸಾಗಲಿಲ್ಲ. ಯಂತ್ರಗಳ ಬೀರು ಟಿವಿಯ ಕೆಳಗೇ ಬಂತು. ಕೇಬಲ್ ಈಗ 2 ಮೀಟರ್. ಕಣ್ಣಿನ ಹಬ್ಬ ಅರ್ಧವಾಯಿತು, ತಲೆನೋವು ಪೂರ್ತಿ ಹೋಯಿತು.

ಬೀರುವಿನಿಂದ ಟಿವಿಯ ಹಿಂಬದಿಗೆ ಹೋಗಲು ಮಾತ್ರ ಗೋಡೆಯೊಳಗೆ ಪೈಪು ಬೇಕು. ವಿದ್ಯುತ್ ಕೆಲಸದವರು ಗೋಡೆ ಕೊರೆದು 25 ಮಿಲಿಮೀಟರಿನ ಪೈಪು ಕೂರಿಸಿ, ಕೆಳಗೊಂದು ಮೇಲೊಂದು ಎಲ್ಬೋ ಹಾಕಿ, "ಇದರಲ್ಲಿ ಐದು ಕೇಬಲ್ ಎಳೆಯಬಹುದು" ಎಂದರು. ಕೇಬಲ್ಲಿನ ದಪ್ಪ ನೋಡಿದರೆ ಅವರ ಮಾತು ಸರಿ. ಜೇಬಿನಲ್ಲಿ ಒಂದು ಎಚ್‌ಡಿಎಂಐ ಕೇಬಲ್ ಇಟ್ಟುಕೊಂಡು ಹೋಗಿದ್ದೆ. ಉಳಿದಿದ್ದ ಪೈಪಿನ ತುಂಡನ್ನು ನೆಲದ ಮೇಲಿಟ್ಟು ಇಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು. ಕೇಬಲ್ಲಿನ ತಲೆಯ ಅಗಲ 21 ಮಿಲಿಮೀಟರ್, ಪೈಪಿನ ಒಳ ಅಗಲ ಅದಕ್ಕಿಂತ ಉಗುರಿನಷ್ಟು ಹೆಚ್ಚು. ತಲೆ ನೇರ ಪೈಪಿನಲ್ಲಿ ಉಸಿರು ಬಿಗಿಹಿಡಿದು ಸಾಗಿತು. ಎಲ್ಬೋ ಮುಟ್ಟಿದ್ದೇ ಅಲ್ಲಿ ಅಡ್ಡಗಾಲು ಹಾಕಿ ನಿಂತಿತು. ತಲೆ ಬಾಗುವ ಜಾತಿಯದಲ್ಲ. ಹಿಂದಿನ ರಬ್ಬರಿನ ಮೋಟು ಕತ್ತೂ ಸೇರಿ ನಾಲ್ಕು ಸೆಂಟಿಮೀಟರ್ ಮೀರಿದ ಗಟ್ಟಿ ತುಂಡು. ಎಳೆದೆವು, ತಿರುಚಿದೆವು, ಸೋಪು ಸವರಿದೆವು. ಕೊನೆಗೆ ಪೈಪನ್ನು ಗರಗಸದಿಂದ ಸೀಳಿ ತಲೆಯನ್ನು ಬಿಡಿಸಿಕೊಳ್ಳಬೇಕಾಯಿತು.

"ತಲೆ ಕತ್ತರಿಸಿ ಎಳೆದು ಆಮೇಲೆ ಜೋಡಿಸಿದರಾಯಿತು" ಎಂದರು ಅವರು. ವಿದ್ಯುತ್ ತಂತಿಗೆ ಅದು ನಡೆಯುತ್ತದೆ. ಈ ತಲೆಯಲ್ಲಿರುವುದು 19 ಪಿನ್ನು. ಒಳಗಿನ ಜೋಡಿ ಎಳೆಗಳ ಹೆಣಿಗೆ ಎಲ್ಲಾದರೂ ಒಂದಿಷ್ಟು ಸಡಿಲಿದರೂ ಅಷ್ಟು ವೇಗದ ಸಂಕೇತ ಕೆಡುತ್ತದೆ. ಪೈಪು ಕಿತ್ತು 50 ಮಿಲಿಮೀಟರಿನದು ಹಾಕಬೇಕು ಎಂದೆ, ಒಂದು ಗಟ್ಟಿ ತಿರುವಿನ ಬದಲು 45 ಡಿಗ್ರಿಯ ಎರಡು ನಯ ತಿರುವು. ಈಗ ಮೇಸ್ತ್ರಿಯ ಸರದಿ: 50ರ ಪೈಪಿಗೆ ಅಷ್ಟು ಆಳ ಕೊರೆದರೆ ಗೋಡೆಯಲ್ಲಿ ಏನು ಉಳಿಯುತ್ತದೆ? ಅವರ ಆಕ್ಷೇಪಣೆ ನ್ಯಾಯವಾದದ್ದು. ಟಿವಿಯ ಗೋಡೆ 9 ಇಂಚಿನ ಹೊರಗೋಡೆ, ನಮಗೆ ಬೇಕಾದದ್ದು ಮುಕ್ಕಾಲು ಮೀಟರಿನ ನಿಲುಗಂಡಿ, ಹಾಗಾಗಿ ಒಪ್ಪಿದರು. ಅರ್ಧ ಇಟ್ಟಿಗೆಯ ಒಳಗೋಡೆಯಲ್ಲಿ, ಅದೂ ಅಡ್ಡಡ್ಡವಾಗಿ ಕೊರೆಯಲು ಕೇಳಿದ್ದರೆ ಅವರು ಕೊಡಬಾರದಿತ್ತು, ನಾನು ಕೇಳಲೂಬಾರದಿತ್ತು. ಕಂಪ್ಯೂಟರ್ ಮೇಜಿಗೆ ಮತ್ತು ಹಿಂದಿನ ಮೂಲೆಗೆ ಹೋಗುವ ಪೈಪುಗಳನ್ನು ಟೈಲ್ಸ್ ಕೆಳಗಿನ ಕಾಂಕ್ರೀಟಿನಲ್ಲಿ ಹೂತೆವು.

ನೆಟ್‌ವರ್ಕಿಗೆ ಕ್ಯಾಟ್ 6 ಕೇಬಲ್, ಬೀರುವಿಗೆ ಎರಡು, ಮೇಜಿಗೆ ಎರಡು, ಹಿಂದಿನ ಮೂಲೆಗೆ ಒಂದು, ಚಾವಣಿಗೆ ಒಂದು. 55 ಮೀಟರಿನವರೆಗೆ ಅದು ಸೆಕೆಂಡಿಗೆ 10 ಗಿಗಾಬಿಟ್ ಹೊರಬಲ್ಲದು. ನಮ್ಮ ಮನೆಯಲ್ಲಿ ಅಷ್ಟು ದೂರವೇ ಇಲ್ಲ. ವೈಫೈ ಇದ್ದೂ ಇದೇಕೆ ಎನ್ನುವವರಿಗೆ ಉತ್ತರ ವೇಗವಲ್ಲ, ಸ್ಥಿರತೆ. ಎಲ್ಲ ಸಂದೇಶಗಳೂ ತಲುಪಲು ಒಂದೇ ಸಮನಾದ ಹೊತ್ತು ತೆಗೆದುಕೊಂಡರೆ ಆಟ ನಯವಾಗಿರುತ್ತದೆ. ಹತ್ತು ಬೇಗ ಬಂದು ಹನ್ನೊಂದನೆಯದು ತಡೆದರೆ ಎದುರಾಳಿ ಗೋಡೆಯೊಳಗಿಂದ ಹಾರಿ ಬಂದಂತೆ ಕಾಣುತ್ತಾನೆ. ಈ ಕೇಬಲ್ಲುಗಳಿಗೆ ವಿದ್ಯುತ್ ತಂತಿಯಿಂದ ಬೇರೆಯದೇ ಪೈಪು, ಒಂದು ಗೇಣು ದೂರ, ದಾಟುವಲ್ಲಿ ಲಂಬಕೋನದಲ್ಲಿ.

ಎಲ್ಲ ಖಾಲಿ ಪೈಪಿನಲ್ಲೂ ಒಂದು ನೈಲಾನ್ ದಾರ ಬಿಟ್ಟು, ಬಾಯಿಗೆ ಬಟ್ಟೆ ತುರುಕಿದೆ. ಆಮೇಲೆ ಗೋಡೆಗೆ ಅಳತೆ ಟೇಪು ಹಚ್ಚಿ, ಅದರ ಅಂಕಿ ಓದುವಂತೆ, ನಾಲ್ಕು ಗೋಡೆಗಳನ್ನೂ ನೆಲವನ್ನೂ ಫೋಟೋ ತೆಗೆದೆ. ಇಡೀ ಕಾಮಗಾರಿಯಲ್ಲಿ ಅತಿ ಕಡಿಮೆ ಶ್ರಮದ ಕೆಲಸ ಅದು, ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ: ಟಿವಿಯ ಬ್ರಾಕೆಟ್ಟಿಗೆ ಗುರುತು ಹಾಕಿದಾಗ ಎಡಗಡೆಯ ಕೆಳಗಿನ ತೂತು ನೇರವಾಗಿ ವಿದ್ಯುತ್ ಪೈಪಿನ ಮೇಲೆ ಬರುತ್ತಿತ್ತು.

ಗಿಲಾವಿನ ಗಲಾಟೆಯಲ್ಲಿ ಯಾರೋ ಮೇಜಿನ ಕಡೆಯ ಪೈಪಿನ ದಾರವನ್ನು ಎಳೆದು ಬಿಸಾಡಿದ್ದರು. ಹೊಸ ದಾರದ ತುದಿಗೆ ಪ್ಲಾಸ್ಟಿಕ್ ಚೀಲದ ಒಂದು ಚೂರು ಕಟ್ಟಿ ಪೈಪಿನ ಬಾಯಲ್ಲಿಟ್ಟು, ಆಚೆ ತುದಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಮೂರೇ ಸೆಕೆಂಡಿನಲ್ಲಿ ದಾರ ಸುರ್ರೆಂದು ಬಂದು ಬಿತ್ತು. ಮಗಳು ಸುಮ್ಮನೆ ಇನ್ನೆರಡು ಸಲ ಮಾಡಿಸಿದಳು.

ಆರನೆಯ ವಾರ: ಕರೆಂಟು ಮತ್ತು ಬಿಸಿ

ಪ್ಲೇಸ್ಟೇಷನ್ 5 ದೊಡ್ಡ ಆಟದಲ್ಲಿ ಸುಮಾರು 200 ವ್ಯಾಟ್ ಎಳೆಯುತ್ತದೆ. ನನ್ನ ಕಂಪ್ಯೂಟರ್ ಭರದಲ್ಲಿದ್ದಾಗ 450, ಟಿವಿ 150, ಆಂಪ್ಲಿಫೈಯರ್ ಮತ್ತು ಉಳಿದ ಚಿಲ್ಲರೆ ಸೇರಿ 100. ಎಲ್ಲವೂ ಒಟ್ಟಿಗೆ ಓಡಿದರೂ 900 ವ್ಯಾಟ್. ತಂತಿಗೆ ಇದು ಭಾರವಲ್ಲ. ಆದರೂ ಈ ಕೋಣೆಗೆ ಮನೆಯ ಮುಖ್ಯ ವಿದ್ಯುತ್ ಪೆಟ್ಟಿಗೆಯಿಂದಲೇ ಪ್ರತ್ಯೇಕ ಸರ್ಕ್ಯೂಟ್ ಎಳೆಸಿದೆ. ಇಸ್ತ್ರಿಪೆಟ್ಟಿಗೆಯ ಜೊತೆ ಒಂದೇ ಬ್ರೇಕರ್ ಹಂಚಿಕೊಂಡು, ಸೇವ್ ಆಗುವ ಕ್ಷಣದಲ್ಲಿ ಅದು ಜಿಗಿದು, ಮೂರು ಗಂಟೆಯ ಆಟ ಹೋದ ನೆನಪು ನನಗಿದೆ. ಸಾಕೆಟ್‌ಗಳು ಇಪ್ಪತ್ತು. ಹಳೆಯ ಅಡಾಪ್ಟರುಗಳು ಇಟ್ಟಿಗೆಯಷ್ಟು ದಪ್ಪ, ಒಂದು ಕೂತರೆ ಪಕ್ಕದ ಎರಡನ್ನು ಮುಚ್ಚುತ್ತದೆ. ಹಾಗಾಗಿ ಬೀರುವಿನೊಳಗಿನ ಸಾಲಿನಲ್ಲಿ ಒಂದೊಂದರ ನಡುವೆ ನಾಲ್ಕು ಬೆರಳು ಜಾಗ ಬಿಡಿಸಿದೆ.

ಬಿಸಿಯ ಲೆಕ್ಕ ಬೇರೆಯೇ. ಎಳೆದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ಕೋಣೆಯಲ್ಲೇ ಉಳಿಯುತ್ತದೆ, ಅದಕ್ಕೆ ಸುಮ್ಮನೆ ಕೂತ ಮನುಷ್ಯನೊಬ್ಬನ ಸುಮಾರು 100 ವ್ಯಾಟ್ ಸೇರಿಸಿ. ನಾಲ್ಕು ಜನ, ಎಲ್ಲ ಯಂತ್ರ: 1,300 ವ್ಯಾಟ್. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಹೀಟರ್ ಹಚ್ಚಿಟ್ಟಂತೆ. ಒಂದು ಟನ್ನಿನ ಎಸಿ ತೆಗೆಯಬಲ್ಲ ಬಿಸಿ ಸುಮಾರು 3,500 ವ್ಯಾಟ್. ಬಿಸಿಲಿನ ಪಾಲನ್ನೂ ಸೇರಿಸಿದರೆ ಒಂದು ಟನ್ ಸಾಕು. ಅದರ ಗಾಳಿ ಸೋಫಾದ ಮೇಲೆ ಬೀಳುವಂತಿರಲಿ, ಟಿವಿಯ ಮೇಲಲ್ಲ.

ಬಡಗಿ ಮಾಡಿಕೊಟ್ಟ ಬೀರು ಮುಂದೆ ಬಾಗಿಲು, ಹಿಂದೆ ಹಲಗೆ, ಪೂರ್ತಿ ಭದ್ರ. ಹಣ್ಣು ಮಾಗಿಸಲು ಹೇಳಿ ಮಾಡಿಸಿದಂತಿತ್ತು. ಹಿಂಬದಿಯ ಹಲಗೆಯಲ್ಲಿ ಎರಡು ದುಂಡು ತೂತು ಕೊರೆದು 120 ಮಿಲಿಮೀಟರಿನ ಕಂಪ್ಯೂಟರ್ ಫ್ಯಾನ್ ಕೂರಿಸಿದೆ, ಕೆಳಗಿನ ಮುಂಬದಿಯಲ್ಲಿ ಗಾಳಿ ಬರಲು ಸೀಳು. ಇಂಥ ಒಂದು ಫ್ಯಾನ್ ನಿಮಿಷಕ್ಕೆ 50 ಘನ ಅಡಿ ಗಾಳಿ ಹೊರದಬ್ಬಿದರೆ, 200 ವ್ಯಾಟ್ ಬಿಸಿಗೆ ಒಳಗಿನ ಗಾಳಿ ಹೊರಗಿನದಕ್ಕಿಂತ 7 ಡಿಗ್ರಿಯಷ್ಟೇ ಏರುತ್ತದೆ. ಕಪಾಟಿನ ಆಳದ ವಿಷಯದಲ್ಲೂ ಎಡವುತ್ತಿದ್ದೆ. ಮೊದಲ ಮಾದರಿಯ ಪ್ಲೇಸ್ಟೇಷನ್ 5 ಮಲಗಿದರೆ 39 ಸೆಂಟಿಮೀಟರ್ ಅಗಲ, 26 ಆಳ. ಆದರೆ ಬೆನ್ನಿಗೆ ಚುಚ್ಚಿದ ಎಚ್‌ಡಿಎಂಐ ತಲೆ, ಅದರ ಕೇಬಲ್ ಬಾಗಲು ಬೇಕಾದ ಜಾಗ, ಬಿಸಿಗಾಳಿಗೆ ದಾರಿ ಎಲ್ಲ ಸೇರಿ 40ಕ್ಕಿಂತ ಕಡಿಮೆ ಆಳದ ಕಪಾಟು ಬೇಡವೇ ಬೇಡ.

ಎಂಟನೆಯ ವಾರ: ಅಪ್ಪನ ಗೋಡೆ

ನೆಂಟರೊಬ್ಬರು ಮೊಟ್ಟೆಯ ತಟ್ಟೆಯಂಥ ಫೋಮ್ ಹಾಳೆ ಹಚ್ಚಿಬಿಡಿ ಎಂದರು. ಫೋಮ್ ಕೋಣೆಯೊಳಗಿನ ಮಾರ್ದನಿ ತಗ್ಗಿಸುತ್ತದೆ, ಶಬ್ದ ಆಚೆ ಹೋಗುವುದನ್ನು ತಡೆಯುವುದಿಲ್ಲ. ತಡೆಯುವುದಕ್ಕೆ ತೂಕ ಬೇಕು, ಗಾಳಿ ನುಸುಳದ ಬಿಗಿ ಬೇಕು, ಎರಡು ಪದರಗಳ ನಡುವೆ ಬಿಡುವು ಬೇಕು. ಹಿಂಗೋಡೆಯಿಂದ ಎರಡು ಸೆಂಟಿಮೀಟರ್ ಬಿಟ್ಟು ಲೋಹದ ಚೌಕಟ್ಟು ನಿಲ್ಲಿಸಿ, ಒಳಗೆ ಖನಿಜ ಉಣ್ಣೆ ತುಂಬಿ, ಮೇಲೆ ಎರಡು ಪದರ ಜಿಪ್ಸಂ ಹಲಗೆ ಹೊಡೆಸಿದೆ. ಒಟ್ಟು 12 ಸೆಂಟಿಮೀಟರ್ ಕೋಣೆ ಕಳೆದುಹೋಯಿತು. ಚೌಕಟ್ಟು ಇಟ್ಟಿಗೆಯನ್ನು ಎಲ್ಲೂ ಮುಟ್ಟಬಾರದು ಎಂದು ಕೆಲಸದವರ ಬೆನ್ನಿಗೇ ನಿಂತು ಹತ್ತು ಸಲ ಹೇಳಿದೆ. ಈ ಮಾತನ್ನು ಹೇಳಿದವನು ನಾನೇ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಬಾಗಿಲು ಗಟ್ಟಿ ಹಲಗೆಯದು, ಸುತ್ತ ರಬ್ಬರ್ ಪಟ್ಟಿ, ಕೆಳಗೆ ಮುಚ್ಚಿದಾಗ ಇಳಿಯುವ ಸೀಲು. ಬಾಗಿಲ ಕೆಳಗೆ ಬೆರಳು ತೂರುವ ಸಂದು ಬಿಟ್ಟು ಗೋಡೆಗೆ ಖರ್ಚು ಮಾಡುವುದು ತೂತು ಬಿದ್ದ ಕೊಡಕ್ಕೆ ಚಿನ್ನದ ಲೇಪ ಹಾಕಿಸಿದ ಹಾಗೆ.

ಸಬ್‌ವೂಫರ್‌ಗೆ ಜಾಗ ಹುಡುಕುವ ವಿಧಾನ ನೋಡುವವರಿಗೆ ತಮಾಷೆ. ಅದನ್ನು ಸೋಫಾದಲ್ಲಿ ನಾನು ಕೂರುವ ಜಾಗದಲ್ಲಿ ಕೂರಿಸಿ, ತಗ್ಗು ಸ್ವರದ ಸಂಗೀತ ಹಚ್ಚಿ, ನಾನು ಅಂಬೆಗಾಲಿಟ್ಟು ಗೋಡೆಯ ಬುಡದಲ್ಲೆಲ್ಲ ತೆವಳಿದೆ. ಎಲ್ಲಿ ಸದ್ದು ಸಮವಾಗಿ, ಊದಿಕೊಳ್ಳದೆ ಕೇಳುತ್ತದೋ ಅಲ್ಲಿ ಅದನ್ನಿಟ್ಟರೆ ಸೋಫಾದಲ್ಲೂ ಹಾಗೆಯೇ ಕೇಳುತ್ತದೆ. ಮೂಲೆಯಲ್ಲಿ ಗದ್ದಲ, ಬಲಗೋಡೆಯ ಮೂರನೇ ಒಂದು ಭಾಗದಲ್ಲಿ ಹಿತ. ಬಣ್ಣ ಬಳಿಯುತ್ತಿದ್ದವರು ಬ್ರಷ್ ಕೆಳಗಿಟ್ಟು ನೋಡುತ್ತಿದ್ದರು.

ಬಣ್ಣದ ಬಗ್ಗೆ ಹೇಳುವುದು ಕಡಿಮೆ. ಟಿವಿಯ ಗೋಡೆಗೆ ಹೊಳಪಿಲ್ಲದ ಬೂದು, ಪರದೆಯ ಹಿಂದೆ 6,500 ಕೆಲ್ವಿನ್ನಿನ ಮಂದ ಬೆಳಕಿನ ಪಟ್ಟಿ, ಕಿಟಕಿಗೆ ಬೆಳಕು ತೂರದ ಕರ್ಟನ್. ಕರ್ಟನ್ ಬರೀ ಪ್ರತಿಬಿಂಬ ತಡೆಯಲಲ್ಲ. ವೀ ಯಂತ್ರದ ಸೆನ್ಸರ್ ಪಟ್ಟಿ ಎನ್ನುವುದು ವಾಸ್ತವವಾಗಿ ಏನನ್ನೂ ಗ್ರಹಿಸುವುದಿಲ್ಲ. ಅದು ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಅವಕೆಂಪು ದೀಪ ಉರಿಸುತ್ತದೆ, ನೋಡುವ ಕ್ಯಾಮೆರಾ ಇರುವುದು ಕೈಯಲ್ಲಿರುವ ರಿಮೋಟಿನಲ್ಲಿ. ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ. ಸಂಜೆಯ ಸೂರ್ಯ ಮೂರನೆಯ ದೀಪವಾಗಿ ನಡುವೆ ಬಂದರೆ ಗುರಿ ತೂರಾಡುತ್ತದೆ. ಹಳೆಯ ಯಂತ್ರಗಳ ಬಿಳಿ ಪ್ಲಾಸ್ಟಿಕ್ ಹಳದಿಗಟ್ಟುವುದನ್ನು ಚುರುಕುಗೊಳಿಸುವುದೂ ಬಿಸಿಲಿನ ನೇರಳಾತೀತ ಕಿರಣವೇ.

ಹತ್ತನೆಯ ವಾರ: ಡುಬ್ಬದ ಟಿವಿ

21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿಯನ್ನು ಹಿಂದಿನ ಮೂಲೆಗೆ ಸಾಗಿಸಲು ಇಬ್ಬರು ಬೇಕಾಯಿತು. ಇಪ್ಪತ್ತು ಕಿಲೋ ಮೀರಿದ ಸಾಮಾನು, ಭಾರವೆಲ್ಲ ಮುಂದಿನ ಗಾಜಿನಲ್ಲಿ. ಹಾಗಾಗಿ ಗಾಜನ್ನು ಎದೆಗೆ ಆನಿಸಿಕೊಂಡೇ ಎತ್ತಬೇಕು. ಇದನ್ನೇಕೆ ಉಳಿಸಿಕೊಂಡಿದ್ದೀರಿ ಎಂದರೆ, ಒಂದು ಕಾರಣ ಗುರಿಯಿಟ್ಟು ಹೊಡೆಯುವ ಹಳೆಯ ಆಟಗಳ ಬೆಳಕಿನ ಬಂದೂಕು. ಅದರ ಕುದುರೆ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ ಗುರಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ಕಣ್ಣಿಗೆ ಆ ಮಿಂಚು ಬಿದ್ದರೆ ಗುರಿ ತಾಗಿತೆಂದು ಲೆಕ್ಕ. ಇದೆಲ್ಲ ಸೆಕೆಂಡಿನ ಅರವತ್ತನೇ ಒಂದು ಭಾಗದ ಚಿತ್ರಗಳಲ್ಲಿ ಮುಗಿಯಬೇಕು. ಹೊಸ ಟಿವಿ ಚಿತ್ರವನ್ನು ಹಿಗ್ಗಿಸಿ ತಿದ್ದಿ ತೋರಿಸುವ ಹೊತ್ತಿಗೆ ಬಂದೂಕು ಕಣ್ಣು ಮುಚ್ಚಿಕೊಂಡಿರುತ್ತದೆ.

ಪಕ್ಕದಲ್ಲಿ ಸ್ಪೀಕರ್ ಇಟ್ಟ ಮರುಕ್ಷಣ ಪರದೆಯ ಬಲಮೂಲೆಯಲ್ಲಿ ಆಕಾಶ ನೇರಳೆಯಾಯಿತು. ಸ್ಪೀಕರಿನ ಅಯಸ್ಕಾಂತ ಒಳಗಿನ ಎಲೆಕ್ಟ್ರಾನ್ ದಾರಿಯನ್ನು ಬಾಗಿಸುವುದರಿಂದ ಹೀಗೆ. ಸ್ಪೀಕರನ್ನು ಒಂದು ಮೀಟರ್ ಆಚೆ ಸರಿಸಿ, ಟಿವಿಯನ್ನು ಪೂರ್ತಿ ಆರಿಸಿ ಅರ್ಧ ಗಂಟೆ ಬಿಟ್ಟು ಹಚ್ಚಿದೆ; ಹಚ್ಚುವಾಗ ಒಳಗಿನ ಸುರುಳಿ 'ಧೊಂಯ್' ಎಂದು ಅಯಸ್ಕಾಂತತೆ ಕಳೆಯುತ್ತದೆ. ಎರಡು ಸಲಕ್ಕೆ ಆಕಾಶ ನೀಲಿಗೆ ಮರಳಿತು. ಇದರ ಹಿಂಬದಿಯ ಮುಚ್ಚಳ ತೆಗೆಯುವ ಕುತೂಹಲ ಯಾರಿಗೂ ಬೇಡ. ಒಳಗೆ ಇಪ್ಪತ್ತು ಸಾವಿರ ವೋಲ್ಟಿನ ಮಾತು, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು.

ಹನ್ನೊಂದನೆಯ ವಾರ: ಗುಂಯ್ ಮತ್ತು ಗುರ್

ಎಲ್ಲ ಜೋಡಿಸಿ ಹಚ್ಚಿದ ರಾತ್ರಿ ಸ್ಪೀಕರಿನಲ್ಲಿ ಸಣ್ಣ ಗುಂಯ್. ಒಂದೊಂದೇ ಕೇಬಲ್ ಕಿತ್ತು ನೋಡಿದೆ. ಕಂಪ್ಯೂಟರಿನ ಆಡಿಯೋ ಕೇಬಲ್ ಕಿತ್ತಾಗ ನಿಂತಿತು. ಕಂಪ್ಯೂಟರ್ ಮೇಜಿನ ಸಾಕೆಟ್‌ಗಳನ್ನು ಪಕ್ಕದ ಕೋಣೆಯ ಸರ್ಕ್ಯೂಟಿನಿಂದ ಎಳೆದುಬಿಟ್ಟಿದ್ದರು. ಆಂಪ್ಲಿಫೈಯರಿಗೆ ಒಂದು ಅರ್ತ್ ದಾರಿ, ಕಂಪ್ಯೂಟರಿಗೆ ಇನ್ನೊಂದು, ನಡುವೆ ಆಡಿಯೋ ಕೇಬಲ್ಲಿನ ಹೊರಜಾಲ ಸೇತುವೆ. ಆ ಕುಣಿಕೆಯಲ್ಲಿ ಹರಿದ ಸಣ್ಣ ವಿದ್ಯುತ್ತೇ ಗುಂಯ್. ಅರ್ತ್ ಪಿನ್ ಮುರಿದರೆ ನಿಲ್ಲುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಗುಂಯ್ ನಿಲ್ಲುತ್ತದೆ ನಿಜ, ಮುಂದೊಂದು ದಿನ ಮನುಷ್ಯನೂ ನಿಲ್ಲಬಹುದು. ಮೇಜಿನ ಸಾಕೆಟ್‌ಗಳನ್ನು ಈ ಕೋಣೆಯ ಸರ್ಕ್ಯೂಟಿಗೇ ಸೇರಿಸಿ, ಆಂಪ್ಲಿಫೈಯರ್ ಜೊತೆ ಒಂದೇ ಸಾಲಿನಿಂದ ಕೊಡಿಸಿದೆ. ಸದ್ದಡಗಿತು.

ಮಾರನೆಯ ಬೆಳಿಗ್ಗೆ ಅಪ್ಪ, "ಆಟದ ಸದ್ದೇನೂ ಕೇಳಲಿಲ್ಲ, ಆದರೆ ಗೋಡೆಯೊಳಗೆ ಯಾವುದೋ ಹುಳು ಗುರ್ ಎನ್ನುತ್ತಿತ್ತು" ಎಂದರು. ಸಬ್‌ವೂಫರ್ ಇರಬೇಕೆಂದು ಅದರ ಕೆಳಗೆ ರಬ್ಬರ್ ಹಾಸಿದೆ. ಆ ರಾತ್ರಿಯೂ ಹುಳು ಬಂತು. ಮೂರನೆಯ ರಾತ್ರಿ ಅಪ್ಪನ ಕೋಣೆಯಲ್ಲಿ ನಾನು ಗೋಡೆಗೆ ಕಿವಿಗೊಟ್ಟು ನಿಂತೆ, ಮಗಳು ಈಚೆ ಆಡಿದಳು. ಅವಳ ಕಾರು ಗುದ್ದಿಕೊಂಡಾಗಲೆಲ್ಲ ಗುರ್.

ಕಂಟ್ರೋಲರುಗಳನ್ನಿಡುವ ಕಪಾಟನ್ನು ಹಿಂಗೋಡೆಗೆ ಹಾಕಿದ್ದೆ. ಅಲ್ಲಿ ಚಾರ್ಜಿಗಿಟ್ಟ ಎರಡನೆಯ ಕಂಟ್ರೋಲರ್ ಆಟಕ್ಕೆ ಸೇರಿಕೊಂಡೇ ಇತ್ತು; ಯಾರೂ ಹಿಡಿಯದಿದ್ದರೂ ತನ್ನ ಪಾಡಿಗೆ ಅದುರುತ್ತಿತ್ತು. ಅದುರಿದರೇನು, ಹೊದಿಕೆ ಇಟ್ಟಿಗೆಯನ್ನು ಮುಟ್ಟಿಲ್ಲವಲ್ಲ? ಕಪಾಟು ಗಟ್ಟಿಯಾಗಿರಲಿ ಎಂದು ಜಿಪ್ಸಂ, ಉಣ್ಣೆ, ಬಿಡುವು ಎಲ್ಲವನ್ನೂ ದಾಟಿಸಿ ಇಟ್ಟಿಗೆಯವರೆಗೆ ಉದ್ದನೆಯ ನಾಲ್ಕು ಬೋಲ್ಟು ಹೊಡೆದವನು ನಾನೇ. ಭಾನುವಾರ ಅವನ್ನು ಬಿಚ್ಚಿ, ಲೋಹದ ಚೌಕಟ್ಟಿಗಷ್ಟೇ ತಾಗುವ ಮೋಟು ಸ್ಕ್ರೂ ಹಾಕಿ, ಕಪಾಟಿನ ಮೇಲೆ ದಪ್ಪ ಫೆಲ್ಟ್ ಬಟ್ಟೆ ಹಾಸಿದೆ. ಇಟ್ಟಿಗೆಯಲ್ಲಿ ಉಳಿದ ನಾಲ್ಕು ತೂತುಗಳಿಗೆ ಹೊದಿಕೆಯ ಈಚೆಯಿಂದ ಕೈ ಹೋಗುವುದಿಲ್ಲ. ಜಿಪ್ಸಂನ ತೂತುಗಳನ್ನು ಮಾತ್ರ ಅಕೌಸ್ಟಿಕ್ ಸೀಲಂಟ್ ತುಂಬಿ ಮುಚ್ಚಿದ್ದೇನೆ.